ಕ್ಲಚ್ ಪುರಾಣ

ಮೈಸೂರಿನಲ್ಲಿ ಹಳೇ ಯೆಜ್ಡಿ ಬೈಕ್ ಇಟ್ಟುಕೊಂಡವರ ಮುಂದೆ ಕ್ಲಚ್ ಮಾತೆತ್ತಬಾರದು. ಎತ್ತಿದಿರೋ, ಅವತ್ತಿನ ಕೆಲಸ ಕೆಟ್ಟಂತೆ. ಅದನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಹೊರಬಿಟ್ಟು 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಹಳೇ ದಾಸ್ತಾನು ಬಿಟ್ಟರೆ ಈಗ ಅದಕ್ಕೆ ಸಿಗುವ ಕ್ಲಚ್ ಪ್ಲೇಟೆಲ್ಲ ಹೊರಗಿನವರು ಮಾಡಿದ್ದೇ.

ಅಂಗಡಿಯವನು, "ಸಾರ್, ರೇಸಿಂಗ್ ಸ್ಪ್ರಿಂಗು, ಹಾಕ್ಸಿ ನೋಡಿ, ಗಾಡಿ ಹಾರುತ್ತೆ" ಅಂತಾನೆ. ಸ್ಪ್ರಿಂಗ್ ಬಿಗಿಯಾದರೆ ಪ್ಲೇಟು ಜಾರದು, ನಿಜ. ಆದರೆ ದಸರಾ ದೀಪ ನೋಡಲು ಸಯ್ಯಾಜಿರಾವ್ ರಸ್ತೆಯಲ್ಲಿ ಹಾಫ್ ಕ್ಲಚ್ಚಿನಲ್ಲಿ ತೆವಳುವಾಗ ಹಾರುವುದು ಎಡಗೈಯ ಪ್ರಾಣ! ವಯಸ್ಸಾದ ಮೆಕ್ಯಾನಿಕ್ ಸಾಹೇಬರದು ಬೇರೆಯೇ ರಾಗ: "ಕಾರ್ಕ್ ಪ್ಲೇಟೇ ಸಾಕು ಸ್ವಾಮಿ, ರಾತ್ರಿ ಎಣ್ಣೇಲಿ ನೆನೆಸಿಡಿ." ದೋಸೆಗೆ ಉದ್ದಿನಬೇಳೆ ನೆನೆಹಾಕಿದ ಹಾಗೆ. ಪಾತ್ರೆ ಯಾವುದೆಂಬುದರ ಮೇಲೆ ಮನೆಯ ನೆಮ್ಮದಿ ನಿಂತಿದೆ.

ತಮಾಷೆಯೆಂದರೆ, ಈ ಗಾಡಿಯಲ್ಲಿ ಕಿಕ್ಕರ್ರೇ ಗೇರ್ ಲಿವರ್ರು. ಅದನ್ನು ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ. ಓಡುವಾಗ ಗೇರ್ ಬದಲಿಸಲು ಕೈಯೇ ಬೇಕಿಲ್ಲ. ಆದರೂ ಇಷ್ಟೊಂದು ಜಗಳ!

ನನ್ನ ಸಲಹೆ ಇಷ್ಟೇ: ಹಳೆಯದು ಕಳಚಿದಷ್ಟೇ ಸಲೀಸಾಗಿ ಕೂರುವುದನ್ನು ಕೊಳ್ಳಿ. "ಸ್ವಲ್ಪ ಅರ ಹಾಕಿ ಉಜ್ಜಿದ್ರೆ ಕೂತ್ಕೊಳುತ್ತೆ" ಅಂದರೆ, ನೀವು ಅಲ್ಲಿ ಕೂರಬೇಡಿ.