ನಡುವೆಯೇ ಎದ್ದು ಹೋಗುವ ಚುಕ್ಕಿಗೊಂದು ಬಹಿರಂಗ ಪತ್ರ

ಮೈಸೂರು

ಪ್ರೀತಿಯ ಚುಕ್ಕಿ,

ಬಹಿರಂಗ ಪತ್ರಗಳನ್ನು ಜನ ಮಂತ್ರಿಗಳಿಗೆ, ಕುಲಪತಿಗಳಿಗೆ ಬರೆಯುತ್ತಾರೆ. ನಾನು ಓದು ಬಾರದ ಬೆಕ್ಕಿಗೆ ಬರೆಯುತ್ತಿದ್ದೇನೆ. ಈ ಆರು ವರ್ಷಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿರುವುದು ನಿನ್ನ ಮುಖವನ್ನು. ನಿನಗೆ ಸಲ್ಲಬೇಕಾದ ಮಾತನ್ನು ನಾಲ್ಕು ಜನರ ಮುಂದೆಯೇ ಹೇಳಬೇಕು ಅನ್ನಿಸಿತು.

ಮೊನ್ನೆ ಭಾನುವಾರ ಚಿಕ್ಕಪ್ಪ ಬಂದಿದ್ದಾಗ ನೀನು ಕಿಟಕಿ ಕಟ್ಟೆಯ ಮೇಲಿದ್ದೆ. ನಾನು ತಟ್ಟೆಯ ಪಕ್ಕ ಪುಸ್ತಕ ತೆರೆದು ಕುಂಚ ಹಿಡಿದಿದ್ದೆ. “ಅಲ್ಲಮ್ಮಾ, ತಿನ್ನೋ ದೋಸೇನೂ ಬರೀತೀಯಾ? ಫೋನಲ್ಲಿ ಒಂದು ಫೋಟೊ ತೆಗೆದ್ರೆ ಆಗೋದಿಲ್ವಾ?” ಅಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ಕೇಳಿದ್ದರು. ಆಗ ನನಗೆ ಉತ್ತರ ಹೊಳೆಯಲಿಲ್ಲ.

ಕಾವಲಿಯಿಂದ ಇಳಿದ ದೋಸೆಯ ಗರಿಗರಿ ಐದು ನಿಮಿಷಕ್ಕೆ ಇಳಿದುಹೋಗುತ್ತದೆ. ಅಷ್ಟರೊಳಗೆ ಬರೆಯಬೇಕು. ಮೊದಲು ಹಳದಿ ಓಕರ್‌ನ ತೆಳು ಲೇಪ. ಅದು ಇನ್ನೂ ಹಸಿಯಾಗಿರುವಾಗಲೇ ಕುಂಚದ ತುದಿಯಿಂದ ಬರ್ನ್ಟ್ ಸಿಯೆನ್ನಾ ಮುಟ್ಟಿಸಿದರೆ ಸಾಕು, ಆ ಕಂದು ತಾನಾಗಿಯೇ ಹರಡಿ ಹುರಿದ ಬಣ್ಣವಾಗುತ್ತದೆ. ಸೌಟು ಸುತ್ತಿದ ಗೆರೆಗಳಿಗೆ ಕುಂಚವನ್ನು ಬಟ್ಟೆಗೆ ಒತ್ತಿ ಹೆಚ್ಚುಕಡಿಮೆ ಒಣಗಿಸಿ, ಕಾಗದದ ತರಿಯ ಮೇಲೆ ಹಗುರಾಗಿ ಎಳೆಯಬೇಕು. ಹಿಟ್ಟು ತೆಳುವಾದ ಕಡೆ ಕಂದು ಗಾಢ, ದಪ್ಪವಾದ ಕಡೆ ಮಾಸಲು. ಹೀಗೆ ವಾರಕ್ಕೆರಡರಂತೆ ಅಮ್ಮನ ದೋಸೆ ಬರೆಯುತ್ತಾ ಹೋದಾಗ ಒಂದು ದಿನ ಹಳೆಯ ಪುಟಗಳನ್ನು ತಿರುವಿದೆ. ಮೊದಲಿನ ದೋಸೆಗಳ ಸುತ್ತುಗಳು ಸಮನಾಗಿದ್ದವು. ಈಚಿನವು ಎಲ್ಲವೂ ಒಂದೇ ಮಗ್ಗುಲಿಗೆ ದಪ್ಪ. ಕೇಳಿದಾಗ ಅಮ್ಮ ತಡೆದು ತಡೆದು ಹೇಳಿದಳು, ಬಲಗೈ ಮಣಿಕಟ್ಟು ನಾಲ್ಕು ತಿಂಗಳಿಂದ ನೋಯುತ್ತಿದೆ ಎಂದು. ಅದೇ ದೋಸೆಯನ್ನು ಅಷ್ಟೂ ದಿನ ನಾನು ತಿಂದಿದ್ದೆ. ನಾಲಗೆಗೆ ತಿಳಿಯಲಿಲ್ಲ. ಚಿಕ್ಕಪ್ಪನಿಗೆ ಇದನ್ನು ಹೇಳಬೇಕಿತ್ತು.

ಇಡ್ಲಿ ಇನ್ನೂ ಕಷ್ಟ. ನಾನು ಕಲಿತ ಪಾರದರ್ಶಕ ಜಲವರ್ಣದ ರೀತಿಯಲ್ಲಿ ಬಿಳಿಯನ್ನು ಹಚ್ಚುವುದಿಲ್ಲ, ಕಾಗದವೇ ಬಿಳಿ. ಇಡ್ಲಿಯನ್ನು ಬರೆಯಬೇಕಾದರೆ ಇಡ್ಲಿಯನ್ನು ಮುಟ್ಟಬಾರದು. ಅದರಡಿಯ ನೆರಳು, ಬಾಳೆಲೆಯಿಂದ ಅದರ ಹೊಟ್ಟೆಗೆ ಹತ್ತಿದ ನಸು ಹಸಿರು, ಸಾಂಬಾರಿನ ಕಡೆಯಿಂದ ಬಂದ ಒಂಚೂರು ಕಿತ್ತಳೆ, ಇಷ್ಟನ್ನು ಬರೆದು ಉಳಿದುದನ್ನು ಹಾಗೇ ಬಿಡಬೇಕು. ಇಡ್ಲಿಯಿಂದ ಕಲಿತ ಇದೇ ಪಾಠ ನಿನ್ನ ಹೊಟ್ಟೆಯ ಬಿಳಿಗೆ ಉಪಯೋಗಕ್ಕೆ ಬಂತು. ಬೆನ್ನಿನ ಕಪ್ಪಿಗೆ ಕರಿ ಬಣ್ಣದ ಟ್ಯೂಬು ಒತ್ತಿದಾಗಲೆಲ್ಲ ನೀನು ಕಾಗದದಲ್ಲಿ ತೂತು ಬಿದ್ದ ಹಾಗೆ ಕಾಣುತ್ತಿದ್ದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದ ದಿನ ನಿನ್ನ ಕಪ್ಪಿಗೆ ಬಿಸಿಲು ಬಂತು. ನೀಲಿ ಹೆಚ್ಚಾದರೆ ನೀನು ನೆರಳಿನಲ್ಲಿರುವ ಬೆಕ್ಕು, ಕಂದು ಹೆಚ್ಚಾದರೆ ಒಲೆಯ ಹತ್ತಿರದ ಬೆಕ್ಕು.

ಕುಂಚ ತೊಳೆದ ನೀರಿನ ಲೋಟದ ಮೇಲೆ ಈಗ ಯಾಕೆ ತಟ್ಟೆ ಮುಚ್ಚಿರುತ್ತೇನೆ ಎಂಬುದು ನಿನಗೆ ತಿಳಿಯಲಾರದು. ಬಣ್ಣದ ಪುಡಿಯನ್ನು ಹಿಡಿದಿಡುವ ಗೋಂದು ಜಾಲಿ ಜಾತಿಯ ಮರದ್ದು, ಅದರಿಂದ ಭಯವಿಲ್ಲ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳು ಮಾತ್ರ ಹೊಟ್ಟೆಗೆ ಹೋಗಬಾರದು. ಒಂದು ಸಲ ನೀನು ಆ ಲೋಟಕ್ಕೆ ಮೂತಿ ಇಟ್ಟದ್ದನ್ನು ಕಂಡು ಇಡೀ ರಾತ್ರಿ ನಿದ್ದೆಗೆಟ್ಟು ಕೂತಿದ್ದೆ. ಮನೆಯಲ್ಲಿ ಪ್ರಾಣಿ ಇರುವ ಚಿತ್ರಗಾರರೆಲ್ಲ ದಯವಿಟ್ಟು ನೀರಿನ ಲೋಟ ಮುಚ್ಚಿಡಿ.

ನಿನ್ನಂಥವರನ್ನು ಬರೆದವರು ಚಿಕ್ಕವರಲ್ಲ ಚುಕ್ಕಿ. ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಒಂದು ಮೊಲವನ್ನು ನೀರುಬಣ್ಣದಲ್ಲಿ ಬರೆದ. ವಿಯೆನ್ನಾದ ಆಲ್ಬರ್ಟಿನಾದಲ್ಲಿರುವ ಆ ಚಿತ್ರದಲ್ಲಿ ಮೊಲದ ಕಣ್ಣೊಳಗೆ ಕಿಟಕಿಯ ಬಿಂಬವಿದೆ. ನಮ್ಮ ಮೈಸೂರಿನಲ್ಲೇ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಬದುಕಿನುದ್ದಕ್ಕೂ ಕಾಗೆಗಳನ್ನು ಬರೆದರು. ಕೋಲ್ಕತ್ತದ ಕಾಳಿಘಾಟ್‌ನಲ್ಲಿ 19ನೇ ಶತಮಾನದ ಪಟುವಾ ಚಿತ್ರಗಾರರು ಬಾಯಲ್ಲಿ ಸೀಗಡಿ ಕಚ್ಚಿದ, ಹಣೆಗೆ ನಾಮವಿಟ್ಟ ಬೆಕ್ಕನ್ನು ನೀರುಬಣ್ಣದಲ್ಲೇ ಬರೆದು ಯಾತ್ರಿಕರಿಗೆ ಮಾರುತ್ತಿದ್ದರು. ಅದು ಕಪಟ ಭಕ್ತರ ಮೇಲಿನ ಟೀಕೆ. ಆ ಗೆರೆಯ ಬೀಸು ನನಗೆ ಬಹಳ ಇಷ್ಟ. ಆದರೂ ಅಲ್ಲಿ ಬೆಕ್ಕು ಮನುಷ್ಯರ ತಪ್ಪನ್ನು ಹೊತ್ತು ನಿಂತಿದೆ. ನಿನ್ನ ಮೇಲೆ ಅಂಥ ಯಾವ ಭಾರವನ್ನೂ ಹೊರಿಸದೆ, ಬರೀ ಬೆಕ್ಕಾಗಿ ಬರೆಯಬೇಕೆಂಬುದು ನನ್ನ ಆಸೆ.

ನನಗೆ ಹೆಚ್ಚು ಹತ್ತಿರ ಅನ್ನಿಸುವವನು ಡೇವಿಡ್ ಹಾಕ್ನಿ. 1995ರಲ್ಲಿ ಅವನು ತನ್ನ ಎರಡು ಡ್ಯಾಷ್‌ಹಂಡ್ ನಾಯಿಗಳಾದ ಸ್ಟ್ಯಾನ್ಲಿ, ಬೂಜಿಯರನ್ನು ಸಾಲುಸಾಲಾಗಿ ಬರೆದ. ಅವು ಎಲ್ಲಿ, ಯಾವಾಗ ಮಲಗುತ್ತವೋ ಗೊತ್ತಿಲ್ಲ. ಅದಕ್ಕೆ ಮನೆಯ ಅಲ್ಲಲ್ಲಿ ಕಾಗದ, ಬಣ್ಣ, ಗಿಡ್ಡ ಈಸೆಲ್‌ಗಳನ್ನು ಸಜ್ಜಾಗಿಟ್ಟಿದ್ದ. ಅಷ್ಟು ದೊಡ್ಡ ಕಲಾವಿದ ನಾಯಿಗಳ ಎತ್ತರಕ್ಕೆ ಬಗ್ಗಿದ್ದ.

ನಾನೂ ನಿನಗಾಗಿ ಅಂಥದ್ದೊಂದು ಉಪಾಯ ಕಂಡುಕೊಂಡಿದ್ದೇನೆ. ಒಂದೇ ಪುಟದಲ್ಲಿ ನಾಲ್ಕು ಚಿತ್ರ ಶುರುಮಾಡುತ್ತೇನೆ. ನೀನು ಮಗ್ಗುಲು ಬದಲಿಸಿದ ಕೂಡಲೇ ಇದನ್ನು ಬಿಟ್ಟು ಅದಕ್ಕೆ ಹೋಗುತ್ತೇನೆ. ಬೆಕ್ಕುಗಳು ಹಳೆಯ ಭಂಗಿಗೆ ತಿರುಗಿ ಬರುತ್ತವೆ. ಬಂದಾಗ ಬಿಟ್ಟ ಕಿವಿ, ಬಿಟ್ಟ ಪಾದ ತುಂಬಿಕೊಳ್ಳುತ್ತೇನೆ. ಬಾರದಿದ್ದರೆ ಅದು ಹಾಗೇ ಉಳಿಯುತ್ತದೆ. ನಿನ್ನ ಏಳು ಪುಸ್ತಕಗಳಲ್ಲಿ ಮುಗಿದ ಚಿತ್ರಗಳು ಹತ್ತಿಪ್ಪತ್ತು ಇದ್ದರೆ ಹೆಚ್ಚು.

ಮೊದಮೊದಲು ಇದರಿಂದ ನನಗೆ ಬೇಸರವಾಗುತ್ತಿತ್ತು. ಆಗ ಇನ್ನೂ ಭೀಮ ಇದ್ದ. ನೀನು ಮರಿಯಾಗಿದ್ದಾಗ ಯಾರ ಬಾಲ ಹಿಡಿದು ಜೋಲುತ್ತಿದ್ದೆಯೋ ಆ ಕಂದು ನಾಯಿ. ಅವನ ಪುಟಗಳೂ ಹೀಗೇ: ಮೂರು ಕಾಲು, ಅರ್ಧ ಮೂತಿ, ಗೇಟಿನ ಸದ್ದಿಗೆ ನಿಮಿರಿದ ಒಂದು ಕಿವಿ, ಆಮೇಲೆ ಖಾಲಿ ಕಾಗದ. ಹದಿಮೂರನೇ ವರ್ಷದಲ್ಲಿ ಅವನ ಹಿಂಗಾಲು ಬಿದ್ದುಹೋಯಿತು. ಕೊನೆಯ ಐದು ವಾರ ಪಡಸಾಲೆಯ ಚಾಪೆಯ ಮೇಲೆ ಮಲಗಿಯೇ ಇದ್ದ. ನಾನು ಪಕ್ಕದಲ್ಲಿ ಕೂತು ಬರೆದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಒಳ್ಳೆಯ ಹತ್ತಿ ಕಾಗದ, ಹಬ್ಬಕ್ಕೆಂದು ಎತ್ತಿಟ್ಟದ್ದು, ಅವನಿಗಾಗಿ ತೆಗೆದೆ. ಲೇಪ ಪೂರ್ತಿ ಒಣಗುವ ತನಕ ಅವನು ಅಲ್ಲಾಡುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ಲೇಪ, ಅದು ಒಣಗಿದ ಮೇಲೆ ಮತ್ತೊಂದು. ರೋಮ ರೋಮವೂ ಬಂತು. ನೋಡಿದವರೆಲ್ಲ ನನ್ನ ಅತ್ಯುತ್ತಮ ಕೆಲಸ ಅವೇ ಎನ್ನುತ್ತಾರೆ. ಚೌಕಟ್ಟು ಹಾಕಿಸು ಎಂದರು. ಹಾಕಿಸಲಿಲ್ಲ. ಗೋಡೆಯ ಮೇಲೆ ಇರುವುದು ಆ ಒಂದು ಕಿವಿಯ ಪುಟ.

ಫೋನಿನಲ್ಲಿ ಅವನ ಫೋಟೊಗಳು ನೂರಾರಿವೆ. ಅವನ ಎಡಗಿವಿಯ ತುದಿ ಎಲ್ಲಿ ಮಡಿಚುತ್ತಿತ್ತು ಎಂದು ಯಾರಾದರೂ ಕೇಳಿದರೆ ಅವನ್ನು ಹುಡುಕಬೇಕಿಲ್ಲ. ಕೈಗೇ ಗೊತ್ತಿದೆ. ಚಿಕ್ಕಪ್ಪನಿಗೆ ಈ ಮಾತನ್ನೂ ಹೇಳಬೇಕು, ಮುಂದಿನ ಸಲ ದೋಸೆಗೆ ಕರೆದಾಗ.

ಇವತ್ತು ಬೆಳಿಗ್ಗೆ ಮತ್ತೆ ನಿನ್ನ ಬೆನ್ನಿನ ನೀಲಿ ಇನ್ನೂ ಹಸಿಯಾಗಿರುವಾಗಲೇ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಸದ್ದಾಯಿತು. ನೀನು ಹಾರಿದೆ. ಪುಟದಲ್ಲಿ ಬಾಲವಿಲ್ಲ, ಒಂದು ಮುಂಗಾಲಿಲ್ಲ. ತಾರೀಖು ಹಾಕಿ ಮುಚ್ಚಿದ್ದೇನೆ. ನಾಳೆಯೂ ಹೀಗೇ ಎದ್ದು ಹೋಗು, ಚುಕ್ಕಿ.

ನಿನ್ನ ಮನೆಯವಳು