ಶ್ರೀಮಾನ್ ಕರ್ಣಾಭರಣರಿಗೊಂದು ಬಿನ್ನವತ್ತಳೆ

(2016ರ ಜನವರಿ 9, ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಪ್ರದರ್ಶನದ ಕೊನೆಯ ಸಂಜೆ. ಅಲ್ಲಿಗೆ ಹೋಗಿದ್ದ ಕನ್ನಡಿಗ ಎಂಜಿನಿಯರುಗಳು ನಡೆಸಬಹುದಾಗಿದ್ದ, ಆದರೆ ನಡೆಸದೆ ಬಿಟ್ಟ ಸನ್ಮಾನ ಸಮಾರಂಭದ ಅಭಿನಂದನಾ ಭಾಷಣ.)

ಮಾನ್ಯ ಅಧ್ಯಕ್ಷರೇ, ಮಂಚ ಹೊರಗೆ ಸಾಗಿಸಿ ತೆರವು ಮಾಡಿದ ಈ ಹೋಟೆಲ್ ಕೋಣೆಯಲ್ಲಿ ವೇದಿಕೆ ಎಂದು ನಾವು ನಂಬಿಕೊಂಡಿರುವ ಮೇಜಿನ ಹಿಂದೆ ಕುಳಿತ ಗಣ್ಯರೇ, ಕುರ್ಚಿ ಸಿಗದೆ ಬಾಗಿಲಲ್ಲಿ ನಿಂತ ಇನ್ನೂ ದೊಡ್ಡ ಗಣ್ಯರೇ, ಹಾಗೂ ಸನ್ಮಾನಕ್ಕೆ ಉತ್ತರವಾಗಿ ಮುಕ್ಕಾಲು ಗಂಟೆ ಮಾತಾಡುವ ಅಭ್ಯಾಸವಿಲ್ಲದ ಕಾರಣಕ್ಕೇ ನಮಗೆಲ್ಲ ಪ್ರಿಯರಾದ, ಇಂದಿನ ಸನ್ಮಾನಿತ ಹೆಡ್‌ಫೋನ್ ಶ್ರೀಮಾನ್ ಸೆನ್‌ಹೈಸರ್ ಎಚ್‌ಇ 1 ಅವರೇ,

ಮೊದಲು ಸಭೆಯ ಕ್ಷಮೆ ಕೇಳುತ್ತೇನೆ. ಮೈಕ್ ಇಲ್ಲ. ಈ ಊರಿನಲ್ಲಿ ಈ ನಾಲ್ಕು ದಿನ ಎಷ್ಟು ಕೋಟಿ ರೂಪಾಯಿಯ ಆಂಪ್ಲಿಫೈಯರುಗಳು ಬಂದಿಳಿದಿವೆಯೋ ದೇವರೇ ಬಲ್ಲ. ಆದರೆ ಅಂಥ ಮಹನೀಯರ ಬೆನ್ನಿನಲ್ಲಿ ಮೈಕ್ ಸಿಕ್ಕಿಸಲು ಒಂದು ತೂತು ಇರುವುದಿಲ್ಲ. ಅವರು ಸಂಗೀತವನ್ನು ಮಾತ್ರ ಹಿಗ್ಗಿಸುತ್ತಾರೆ. ಭಾಷಣಗಳನ್ನು ಹಿಗ್ಗಿಸುವ ಕೆಲಸವನ್ನು ಭಾಷಣಕಾರರಿಗೇ ಬಿಟ್ಟಿದ್ದಾರೆ. ಆದ್ದರಿಂದ ನಾನು ಗಂಟಲು ಹರಿದುಕೊಳ್ಳುತ್ತಿದ್ದೇನೆ, ತಾವು ಕಿವಿ ಚುರುಕು ಮಾಡಿಕೊಳ್ಳಬೇಕು.

ಪ್ರಾರ್ಥನೆಗೆ ಗಾಯಕರನ್ನು ಹುಡುಕುವ ತೊಂದರೆ ನಮಗೆ ಬರಲಿಲ್ಲ. ಇಂಥ ಮೇಳಗಳಲ್ಲಿ ಯಾವ ಬಾಗಿಲು ತಳ್ಳಿದರೂ ಗಾಯಕಿ ಡಯಾನಾ ಕ್ರಾಲ್ ಹಾಡುತ್ತಿರುತ್ತಾರೆ. ಅವರು ನಿಲ್ಲಿಸಿದರೆ ಎದುರು ಕೋಣೆಯಲ್ಲಿ ಈಗಲ್ಸ್ ತಂಡ 1994ರಲ್ಲಿ ಹೊರತಂದ ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಲೈವ್ ರೂಪ ಶುರುವಾಗುತ್ತದೆ. ದೀಪ ಬೆಳಗಿಸುವ ಕಾರ್ಯಕ್ರಮಕ್ಕೆ ಹೋಟೆಲಿನವರು ಹೊಗೆ ಪತ್ತೆ ಮಾಡುವ ಯಂತ್ರದತ್ತ ಬೆರಳು ತೋರಿಸಿ ತಲೆ ಅಲ್ಲಾಡಿಸಿದರು. ಚಿಂತೆ ಬೇಡ, ನಮ್ಮ ಸನ್ಮಾನಿತರು ತಮ್ಮ ದೀಪವನ್ನು ತಾವೇ ತಂದಿದ್ದಾರೆ. ಒಂದಲ್ಲ, ಎಂಟು.

ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ನಿಮ್ಮ ಮನೆಯ ರೇಡಿಯೋ ಗುಂಡಿ ತಿರುಗಿಸಿದರೆ ಗೊರಗೊರ ಎಂದು ಹಾಡಲು ತೊಡಗುತ್ತದೆ. ಇವರು ಹಾಗೆ ಬಂದವರಲ್ಲ, ಇವರದು ಯಕ್ಷಗಾನದ ಒಡ್ಡೋಲಗ. ಗುಂಡಿ ಒತ್ತಿದಿರೋ, ಮೊದಲು ಅಮೃತಶಿಲೆಯ ಪೀಠದ ಒಳಗಿನಿಂದ ಲೋಹದ ತಿರುಪುಗಳು ಮೆಲ್ಲಗೆ ಮುಂದಕ್ಕೆ ಬರುತ್ತವೆ. ಆಮೇಲೆ ಸ್ಫಟಿಕದ ಗಾಜು ತೊಟ್ಟ ಎಂಟು ವಾಲ್ವುಗಳು ಕಲ್ಲಿನಿಂದ ಮೇಲೆದ್ದು ಕೆಂಪಗೆ ಹೊಳೆಯತೊಡಗುತ್ತವೆ. ಅದಾದ ಮೇಲೆ ಗಾಜಿನ ಮುಚ್ಚಳ ತಾನಾಗಿ ತೆರೆದುಕೊಂಡು ಒಳಗೆ ಪವಡಿಸಿರುವ ಹೆಡ್‌ಫೋನಿನ ದರ್ಶನವಾಗುತ್ತದೆ. ಚೆಂಡೆ ಒಂದು ಕಡಿಮೆ. ಇಷ್ಟು ಹೊತ್ತು ಭಕ್ತ ಕೈಕಟ್ಟಿ ನಿಂತಿರಬೇಕು. ಸಂಗೀತ ಇನ್ನೂ ಒಂದು ಸ್ವರವೂ ಕೇಳಿಲ್ಲ, ಆಗಲೇ ಅವನಿಗೆ ಅದು ಅದ್ಭುತವೆಂದು ಮನವರಿಕೆಯಾಗಿರುತ್ತದೆ. ಆ ಶಿಲೆ ಇಟಲಿಯ ಕರಾರದ್ದು, ಮೈಕೆಲೇಂಜೆಲೊ ತನ್ನ ಮೂರ್ತಿಗಳಿಗೆ ಆರಿಸಿಕೊಂಡ ಜಾತಿಯದು. ಬೆಲೆ ಸುಮಾರು 50,000 ಯೂರೊ, ನಮ್ಮ ಲೆಕ್ಕದಲ್ಲಿ 35 ಲಕ್ಷ ರೂಪಾಯಿಗೂ ಮಿಕ್ಕಿ. ಒಂದು ಸಲಕ್ಕೆ ಒಂದು ಜೊತೆ ಕಿವಿಗೆ.

ಸನ್ಮಾನಿತರ ವಂಶಾವಳಿ ಓದದೆ ಬಿನ್ನವತ್ತಳೆ ಪೂರ್ತಿಯಾಗುವುದಿಲ್ಲ. 1945ರಲ್ಲಿ, ಯುದ್ಧ ಮುಗಿದ ಜರ್ಮನಿಯಲ್ಲಿ, ಹ್ಯಾನೊವರ್ ಹತ್ತಿರದ ವೆನೆಬೋಸ್ಟೆಲ್ ಎಂಬ ಹಳ್ಳಿಯಲ್ಲಿ ಫ್ರಿಟ್ಜ್ ಸೆನ್‌ಹೈಸರ್ ಒಂದು ಪ್ರಯೋಗಾಲಯ ತೆರೆದರು. ಮೊದಲು ಮಾಡಿದ ವಸ್ತು ವೋಲ್ಟ್‌ಮೀಟರ್. ಅಳತೆ ಗೊತ್ತಿದ್ದ ಮನೆತನ, ಎಂದೇ ಇದನ್ನು ಎತ್ತಿ ಹೇಳುತ್ತಿದ್ದೇನೆ. 1968ರಲ್ಲಿ ಎಚ್‌ಡಿ 414 ಎಂಬ ಹಗುರವಾದ, ಕಿವಿಗೆ ಗಾಳಿ ಆಡುವಂಥ ಹೆಡ್‌ಫೋನ್ ತಂದು ಸಾಮಾನ್ಯರಿಗೂ ಉಪಕಾರ ಮಾಡಿದರು. 1991ರಲ್ಲಿ ಆರ್ಫಿಯಸ್ ಎಂಬ ಹೆಡ್‌ಫೋನ್ ಹುಟ್ಟಿತು. 300 ಮಾತ್ರ ಮಾಡಿದರು. ನಮ್ಮ ಸನ್ಮಾನಿತರು ಆ ಆರ್ಫಿಯಸ್‌ನ ಉತ್ತರಾಧಿಕಾರಿಗಳು. ಕಳೆದ ನವೆಂಬರಿನಲ್ಲಷ್ಟೇ ಜಗತ್ತಿಗೆ ಮುಖ ತೋರಿದ್ದಾರೆ.

ಅಣಕ ಪಕ್ಕಕ್ಕಿಟ್ಟು ಒಂದು ಮಾತು. ಕೆಲಸ ಘನವಾದದ್ದು. ಒಳಗಿನ ಪೊರೆಯ ದಪ್ಪ 2.4 ಮೈಕ್ರಾನ್, ಕೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಪ್ಲಾಟಿನಂ ಲೇಪ ಹಚ್ಚಿದ ಆ ಪೊರೆ, ಚಿನ್ನದ ಲೇಪವಿರುವ ಎರಡು ಪಿಂಗಾಣಿ ಫಲಕಗಳ ನಡುವೆ ತೂಗಾಡುತ್ತದೆ. ಸುರುಳಿ ಇಲ್ಲ, ಅಯಸ್ಕಾಂತ ಇಲ್ಲ; ಹೆಚ್ಚು ವೋಲ್ಟೇಜಿನ ವಿದ್ಯುತ್ ಕ್ಷೇತ್ರವೇ ಅದನ್ನು ಎಳೆದು ನೂಕಿ ಹಾಡಿಸುತ್ತದೆ. ಆ ಹೆಚ್ಚಿನ ವೋಲ್ಟೇಜು ಉದ್ದ ತಂತಿಯಲ್ಲಿ ಹರಿದು ಬರುವಷ್ಟರಲ್ಲಿ ಶಕ್ತಿ ಸೋರಿಹೋಗುತ್ತದೆಂದು ಕೊನೆಯ ಹಂತದ ಆಂಪ್ಲಿಫೈಯರನ್ನು ಕಿವಿಯ ಬಟ್ಟಲಿನೊಳಗೇ ಕೂರಿಸಿದ್ದಾರೆ. ಇದನ್ನು ಯೋಚಿಸಿದ ಎಂಜಿನಿಯರುಗಳಿಗೆ ಇವತ್ತಿನ ಶಾಲು ನಿಜವಾಗಿ ಸಲ್ಲಬೇಕು. ಯಂತ್ರಕ್ಕೆ ಹೊದಿಸಬೇಡಿ, ವಾಲ್ವು ಕಾಯುತ್ತದೆ. ಮೈಸೂರು ಪೇಟದ ಬಗ್ಗೆಯೂ ಸಮಿತಿಯಲ್ಲಿ ಬಿಸಿ ಚರ್ಚೆಯಾಯಿತು. ಇತರರ ತಲೆಯ ಮೇಲೆ ಕೂರುವುದನ್ನೇ ವೃತ್ತಿ ಮಾಡಿಕೊಂಡವರಿಗೆ ಪೇಟ ತೊಡಿಸುವುದೆಲ್ಲಿಗೆ ಎಂದು ಖಜಾಂಚಿಗಳು ಕೇಳಿದರು. ಪೇಟ ಅಧ್ಯಕ್ಷರಿಗೆ ಹೋಯಿತು.

ಈಗ ಸನ್ಮಾನಿತರ ಸಾಧನೆ. ಅವರ ಕಂಠದ ವ್ಯಾಪ್ತಿ 8 ಹರ್ಟ್ಸ್‌ನಿಂದ 1,00,000 ಹರ್ಟ್ಸ್‌ಗೂ ಮೇಲೆ ಎಂದು ಮನೆಯವರೇ ಸಾರಿದ್ದಾರೆ. ಮನುಷ್ಯನ ಕಿವಿಯ ವ್ಯಾಪ್ತಿ ಪಠ್ಯಪುಸ್ತಕದ ಪ್ರಕಾರ 20ರಿಂದ 20,000. ಅದೂ ಎಳೆಯ ಕಿವಿಯಾದರೆ. ಉಳಿದ 80,000 ಹರ್ಟ್ಸ್ ಯಾರಿಗೆ? ನಾಯಿ 45,000ದ ಹೊತ್ತಿಗೆ ಕೈಚೆಲ್ಲುತ್ತದೆ. ಮೇಲಿನ ತುದಿಯನ್ನು ಪೂರ್ತಿಯಾಗಿ ಆಸ್ವಾದಿಸಿ ವಿಮರ್ಶೆ ಬರೆಯುವ ಅರ್ಹತೆ ಬಾವಲಿಯಂಥವರಿಗೆ ಮಾತ್ರ. ಕೆಳಗಿನ ತುದಿಗೆ ನಾಗರಹೊಳೆಯಿಂದ ಒಂದು ಆನೆಯನ್ನು ಕರೆಸಬಹುದಿತ್ತು. ನಮಗೆ ಕೇಳಿಸದ ತಗ್ಗು ದನಿಯಲ್ಲಿ ಮಾತಾಡಿಕೊಳ್ಳುವ ಸಂಸಾರ ಅದು. ಆದರೆ 8 ಹರ್ಟ್ಸ್‌ ಎಂದರೆ ಆನೆಯೂ ‘ಏನಂದಿರಿ?’ ಎಂದು ಕಿವಿ ಅಗಲಿಸಬೇಕಾದೀತು. ಇಷ್ಟು ವಿಶಾಲ ಶ್ರೋತೃವರ್ಗವನ್ನು ನೆನೆದು ಮಾಡಿದ ಯಂತ್ರಕ್ಕೆ ನರಮನುಷ್ಯರಾದ ನಾವು ಸನ್ಮಾನ ಮಾಡುವುದು ಅಧಿಕಪ್ರಸಂಗವೇ ಸರಿ.

ಸಭೆಯಲ್ಲಿರುವ ಹಿರಿಯರ ಮುಖ ನೋಡಿದರೆ ನನಗೆ ಇನ್ನೊಂದು ಸಂಕಟ. ವಯಸ್ಸಾದಂತೆ ಕಿವಿ ಮೇಲಿನಿಂದಲೇ ಅಂಗಡಿ ಮುಚ್ಚುತ್ತಾ ಬರುತ್ತದೆ. ಐವತ್ತು ದಾಟಿದ ಬಹುಪಾಲು ಜನರಿಗೆ ಹದಿನೈದು ಸಾವಿರ ಹರ್ಟ್ಸ್ ಎನ್ನುವುದು ಬರೀ ಅಂಕಿ. 35 ಲಕ್ಷ ಕೊಡಬಲ್ಲವರ ವಯಸ್ಸೇನು? ಹತ್ತೊಂಬತ್ತು ಸಾವಿರ ಹರ್ಟ್ಸ್ ಸ್ವಚ್ಛವಾಗಿ ಕೇಳಿಸುವ ಮೊಮ್ಮಗನ ಕಿವಿಯಲ್ಲಿ ಐದು ಡಾಲರಿನ ಇಯರ್‌ಫೋನ್ ಗುಬ್ಬಿ. ತಾತನ ಕಿವಿಯ ಮೇಲೆ ಕರಾರದ ವೈಭವ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದ ನಮ್ಮ ಹಿರಿಯರಿಗೆ ಈ ಪ್ರದರ್ಶನದ ಮಾರುಕಟ್ಟೆ ವರದಿ ಮೊದಲೇ ಸಿಕ್ಕಿತ್ತೆಂದು ತೋರುತ್ತದೆ.

ಸನ್ಮಾನಿತರ ಜೊತೆಗೆ ಅವರ ಬಂಧುಬಳಗವನ್ನೂ ನೆನೆಯುವುದು ನಮ್ಮ ಪದ್ಧತಿ. 1967ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಈ ಮೇಳಕ್ಕೆ ಈ ವರ್ಷ ಟೆಕ್ನಿಕ್ಸ್ ಎಸ್‌ಎಲ್ 1200 ಗ್ರಾಮಫೋನ್ ಯಂತ್ರ ಮರಳಿ ಬಂದಿದೆ. 1972ರಲ್ಲಿ ಹುಟ್ಟಿ, ಡಿಜೆಗಳ ಕೈಯಲ್ಲಿ ಗಿರಗಿರ ತಿರುಗಿ, 2010ರಲ್ಲಿ ನಿವೃತ್ತಿಯಾಗಿತ್ತು. ಈಗ ಸುಮಾರು 4,000 ಡಾಲರಿನ ಬೆಲೆಚೀಟಿ ಹೊತ್ತು ಮರುಹುಟ್ಟು. ವಿಶೇಷ ಆವೃತ್ತಿ 1,200 ಮಾತ್ರ. ಡಿಜೆಗಳು ಹೊಟ್ಟೆ ಉರಿದುಕೊಂಡಿದ್ದಾರೆ. ಕಳೆದ ವರ್ಷದ ಮೇಳದಲ್ಲಿ ಗಾಯಕ ನೀಲ್ ಯಂಗ್ ಅವರ ಪೋನೊ ಎಂಬ ಹಾಡುಪೆಟ್ಟಿಗೆ, ಜೇಬಿನಲ್ಲಿ ಕೂರದ ತ್ರಿಕೋನಾಕೃತಿಯಲ್ಲಿ, 399 ಡಾಲರಿಗೆ ಮಾರಾಟಕ್ಕೆ ನಿಂತಿತ್ತು. ಅದರ ಮರುತಿಂಗಳೇ ಸೋನಿಯವರು ‘ಉತ್ತಮ ನಾದ’ಕ್ಕೆಂದೇ 64 ಜಿಬಿಯ ಒಂದು ಮೆಮೊರಿ ಕಾರ್ಡ್ ಪ್ರಕಟಿಸಿದರು. ಬೆಲೆ ಸುಮಾರು 18,500 ಯೆನ್. ಫೈಲನ್ನು ಹೆಚ್ಚು ಗೌರವದಿಂದ ಇಟ್ಟುಕೊಳ್ಳುವ ಕಾರ್ಡು ಎಂದು ನನ್ನ ತಿಳುವಳಿಕೆ.

ತಂತಿಗಳ ಬಳಗದ ಬಗ್ಗೆ ಮಾತ್ರ ಎಚ್ಚರದಿಂದ ಮಾತಾಡಬೇಕು, ಇಲ್ಲಿ ಅವರ ಕಡೆಯವರು ಬಹಳ ಜನ ಇದ್ದಾರೆ. ಹೆಬ್ಬಾವಿನ ಗಾತ್ರದ ಸ್ಪೀಕರ್ ಕೇಬಲ್‌ಗಳು ನೆಲ ಮುಟ್ಟಬಾರದೆಂದು ಅವುಗಳಿಗೆ ಪುಟ್ಟ ಪುಟ್ಟ ಪೀಠಗಳನ್ನು ಮಾರುತ್ತಾರೆ. ಮಡಿ ನಮ್ಮವರ ಸ್ವತ್ತು ಮಾತ್ರ ಎಂದು ತಿಳಿದಿದ್ದೆ. 2007ರಲ್ಲಿ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರರು, 12 ಅಡಿ ಉದ್ದಕ್ಕೆ 7,250 ಡಾಲರ್ ಬೆಲೆಯ ಒಂದು ಜೊತೆ ಕೇಬಲನ್ನು ಸಾಮಾನ್ಯ ತಂತಿಯಿಂದ ಕಿವಿಯಲ್ಲೇ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದು ಸವಾಲು ಹಾಕಿದರು. ಪತ್ರ ವ್ಯವಹಾರ ಜೋರಾಗಿ ನಡೆಯಿತು. ಪರೀಕ್ಷೆ ನಡೆಯಲೇ ಇಲ್ಲ. ಅದೇ ವರ್ಷ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮೆಯರ್ ಮತ್ತು ಮೊರಾನ್ ಎಂಬಿಬ್ಬರು ಇನ್ನೊಂದು ಪರೀಕ್ಷೆಯ ಫಲ ಪ್ರಕಟಿಸಿದರು. ಸಿಡಿಗಿಂತ ಎಷ್ಟೋ ಪಾಲು ಸೂಕ್ಷ್ಮವೆಂದು ಹೆಸರಾದ ಧ್ವನಿಮುದ್ರಣವನ್ನು ಒಮ್ಮೆ ಹಾಗೆಯೇ, ಒಮ್ಮೆ ಸಾಮಾನ್ಯ ಸಿಡಿಯ ಮಟ್ಟಕ್ಕೆ ಇಳಿಸಿ ಕೇಳಿಸಿ, ಯಾವುದು ಯಾವುದು ಎಂದು ಕೇಳಿದ್ದರು. 554 ಸಲ ಕೇಳಿದ್ದಕ್ಕೆ ಸರಿ ಉತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, ನಾಣ್ಯಕ್ಕೆ ಕಾಫಿ ತಿಂಡಿಯ ಖರ್ಚೂ ಇರುತ್ತಿರಲಿಲ್ಲ.

ಆದರೆ ಕೇಳುಗರು ಸುಳ್ಳು ಹೇಳುತ್ತಾರೆ ಎಂದು ಯಾರೂ ಭಾವಿಸಬಾರದು. ದುಬಾರಿ ಯಂತ್ರದಲ್ಲಿ ಅವರಿಗೆ ನಿಜಕ್ಕೂ ಚೆನ್ನಾಗಿ ಕೇಳಿಸುತ್ತದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ತಜ್ಞರು ಸ್ಪೀಕರು ಮಾಡುವ ಸಂಸ್ಥೆಯೊಂದರ ನಲವತ್ತು ನೌಕರರನ್ನೇ ಕೂರಿಸಿ ಸ್ಪೀಕರುಗಳಿಗೆ ಅಂಕ ಹಾಕಿಸಿದರು. ಪರದೆ ಇಳಿಬಿಟ್ಟಾಗ ಒಂದು ಅಂಕಪಟ್ಟಿ, ಪರದೆ ಎತ್ತಿದಾಗ ಇನ್ನೊಂದು. ಕಣ್ಣಿಗೆ ಬಿದ್ದ ಕೂಡಲೇ ಗಾತ್ರವೂ ಬೆಲೆಯೂ ಇದ್ದ ಸ್ಪೀಕರುಗಳು ಇನ್ನಷ್ಟು ಇಂಪಾದವು. ಪರದೆಯ ಹಿಂದೆ ಚೆನ್ನಾಗಿಯೇ ಹಾಡಿದ್ದ ಸಣ್ಣ, ಅಗ್ಗದ ಜೋಡಿಗೆ ಅಂಕ ಕುಸಿಯಿತು. ನಮ್ಮ ಸನ್ಮಾನಿತರ ಪೀಠದಿಂದ ದೀಪಗಳು ಮೇಲೇಳುವುದು ಏತಕ್ಕೆಂದು ಇದರಿಂದ ಅರ್ಥವಾಗುತ್ತದೆ. ಎಂಟೂ ವಾಲ್ವುಗಳು ವಿದ್ಯುತ್ತಿನ ಕೆಲಸ ಮಾಡುತ್ತವೆ. ಅವು ಮೇಲೇಳುವ ಆ ಭಂಗಿ ಕಣ್ಣಿನ ಮೂಲಕ ಕಿವಿಗೆ ಕೆಲಸ ಮಾಡುತ್ತದೆ.

ಇದಕ್ಕೆಲ್ಲ ಲಾಸ್ ವೇಗಸ್‌ಗಿಂತ ತಕ್ಕ ಊರು ಇನ್ನೊಂದಿಲ್ಲ. ನಾವು ಕುಳಿತಿರುವ ಈ ವೆನಿಷಿಯನ್ ಹೋಟೆಲಿನ ಕೆಳಗೆ ಒಂದು ವೆನಿಸ್ ಇದೆ. ಮರುಭೂಮಿಯ ನಡುವೆ ಕಾಲುವೆ, ಕಾಲುವೆಯಲ್ಲಿ ದೋಣಿ, ದೋಣಿಯವನ ಬಾಯಲ್ಲಿ ಹಾಡು, ಮೇಲೆ ಬಣ್ಣ ಬಳಿದ ಆಕಾಶ. ಅದನ್ನು ದಾಟಿ ಲಿಫ್ಟು ಹತ್ತಿ ಬಂದು ನಾವು ‘ಅಪ್ಪಟ ಮೂಲ ಧ್ವನಿ’ಯನ್ನು ಹುಡುಕುತ್ತೇವೆ. ಕೆಳಗಿನ ದೋಣಿಯವನು ಮಾತ್ರ ಇಡೀ ಕಟ್ಟಡದಲ್ಲಿ ತಂತಿಯ ಹಂಗಿಲ್ಲದೆ ಸ್ವಂತ ಗಂಟಲಿನಿಂದ ಹಾಡುತ್ತಿರುವ ಮನುಷ್ಯ. ಅವನನ್ನು ಕೇಳಲು ಸೂಟು ಹಾಕಿದವರು ಯಾರೂ ನಿಲ್ಲುವುದಿಲ್ಲ.

ನನ್ನ ಮುಖ್ಯ ತಕರಾರನ್ನು ಬಿನ್ನವತ್ತಳೆಯ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಎಲೈ ಸೂಕ್ಷ್ಮಗ್ರಾಹಿಯೇ, ತಮಗೆ ಎಲ್ಲವೂ ಕೇಳಿಸುತ್ತದೆ, ಅದೇ ಕಷ್ಟ. ಧಾರವಾಡದ ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ 78 ಆರ್‌ಪಿಎಂ ತಟ್ಟೆಗಳಿವೆ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟರೊಳಗೆ ರಾಗವನ್ನು ಹಿಡಿದು ನಿಲ್ಲಿಸಿ ಕಳಿಸಿಕೊಡುತ್ತಾರೆ. ಅಂಥದ್ದನ್ನು ತಮಗೆ ಕೊಟ್ಟರೆ ತಾವು ಮೊದಲು ಕೇಳಿಸುವುದು ಮುಳ್ಳಿನ ಸವೆತ, ಅರಗಿನ ಚರಚರ, ತಟ್ಟೆಯ ಬಿರುಕು. ಹಾಡು ಆಮೇಲೆ. ತಮ್ಮನ್ನು ಕೊಂಡವರು ಒಂದು ವಾರ ಸಹಿಸುತ್ತಾರೆ. ಆಮೇಲೆ ಯಂತ್ರ ನಾಚುವಂಥ ಹಳೆಯ ತಟ್ಟೆಗಳನ್ನು ಅಟ್ಟಕ್ಕೆ ಹಾಕಿ, ಯಂತ್ರ ಮೆಚ್ಚುವಂಥ ಹೊಸ ಮುದ್ರಣಗಳನ್ನು ತರುತ್ತಾರೆ. ಸಂಗೀತಕ್ಕಾಗಿ ಯಂತ್ರ ಕೊಂಡವರು ಯಂತ್ರಕ್ಕಾಗಿ ಸಂಗೀತ ಕೊಳ್ಳತೊಡಗುತ್ತಾರೆ. ಎಲ್ಲ ಕೋಣೆಯಲ್ಲೂ ಅವೇ ನಾಲ್ಕು ಹಾಡು ಕೇಳಿಬರುವುದು ಈ ಕಾರಣಕ್ಕೆ. ಅವು ಪರೀಕ್ಷೆಯಲ್ಲಿ ಪಾಸಾಗುವ ಹಾಡುಗಳು.

ಆದ್ದರಿಂದ ಈ ಸಭೆ ಕರತಾಡನದ ಮೂಲಕ ಎರಡು ನಿರ್ಣಯ ಅಂಗೀಕರಿಸಬೇಕೆಂದು ಕೋರುತ್ತೇನೆ. ತಯಾರಕರಿಗೆ ಮನವಿ: ಮುಂದಿನ ಜನವರಿಯಲ್ಲಿ ಮೇಳಕ್ಕೆ ಐವತ್ತು ವರ್ಷ ತುಂಬುವಾಗ, ಕೇಳಲು ಬಂದವರು ಅವರವರ ಮನೆಯಿಂದ ತಂದ ಹಾಡನ್ನೇ ಹಾಕಿ, ಕೆಟ್ಟ ಮುದ್ರಣವಾದರೂ ಮುಖ ಸಿಂಡರಿಸದೆ. ಒಳ್ಳೆಯ ಹಾಡನ್ನು ಕೆಟ್ಟ ತಟ್ಟೆಯಿಂದ ಎತ್ತಿ ಕೊಡುವ ಯಂತ್ರಕ್ಕೆ ನಮ್ಮ ಮುಂದಿನ ಪೇಟ ಮೀಸಲು. ಇನ್ನೊಂದು ಮನವಿ ಸಭಿಕರಿಗೆ, ಅದರಲ್ಲೂ ಮುಂಗಡ ಕೊಡಲು ಆಗಲೇ ಕಿಸೆಗೆ ಕೈ ಹಾಕಿರುವ ನನ್ನ ವಯಸ್ಸಿನವರಿಗೆ. ಊರಿಗೆ ಹೋದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಕಿವಿಯ ಸಾಮಾನ್ಯ ಪರೀಕ್ಷೆ 8,000 ಹರ್ಟ್ಸ್‌ಗೆ ಮುಗಿಯುತ್ತದೆ. ಅಷ್ಟರಲ್ಲಿ ಪಾಸಾದರೆ ಮಾತ್ರ ಮುಂದಿನ 92,000ದ ಬಗ್ಗೆ ಯೋಚಿಸಿ.