ಏಳದ ಲ್ಯಾಪ್‌ಟಾಪು, ಎದ್ದ ಓಣಿ

ಅತ್ತ ಹಾನಗಲ್ ಬಸ್ಸು, ಇತ್ತ ಶಿರಾಳಕೊಪ್ಪ–ಶಿಕಾರಿಪುರದ ಬಸ್ಸು, ಎರಡೂ ಸಿಗುವ ಊರು ನಮ್ಮ ಆನವಟ್ಟಿ. ಹಾಗಾಗಿ ಕೆಟ್ಟ ಲ್ಯಾಪ್‌ಟಾಪನ್ನು ಹುಬ್ಬಳ್ಳಿಗೆ ಒಯ್ಯಬೇಕೋ ಶಿವಮೊಗ್ಗಕ್ಕೋ ಎಂಬ ಚರ್ಚೆಯೇ ಅರ್ಧ ದಿನ ನುಂಗುತ್ತದೆ. ಉಳಿದರ್ಧ ದಿನ ಓಣಿಯವರದು.

ಬಟನ್ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನು ಗುಂಯ್ ಅನ್ನುತ್ತಿತ್ತು, ಪರದೆ ಮಾತ್ರ ಕಗ್ಗತ್ತಲು.

“ಏನಾತೋ? ಕರೆಂಟ್ ಐತೇನು?” ಎನ್ನುತ್ತಲೇ ಚಿಕ್ಕಪ್ಪ ಒಳಗೆ ಬಂದರು. ಆಷಾಢದ ಆನವಟ್ಟಿಯಲ್ಲಿ ತೀರಾ ನ್ಯಾಯವಾದ ಪ್ರಶ್ನೆ. ಇದಕ್ಕೆ ಬ್ಯಾಟರಿ ಇದೆ ಎಂದೆ. “ಹಂಗಾರೆ ಬ್ಯಾಟ್ರಿ ಬಿಸ್ಲಿಗೆ ಇಡು.” ಟಾರ್ಚಿನ ಸೆಲ್ಲುಗಳನ್ನು ಅಂಗಳದ ಬಿಸಿಲಿಗಿಟ್ಟು ಇನ್ನೊಂದು ವಾರ ಬಾಳಿಸಿದ ತಲೆಮಾರು ಅವರದು. ಲಿಥಿಯಂ ಬ್ಯಾಟರಿ ಬಿಸಿಲು ಕಂಡರೆ ಉಬ್ಬುತ್ತದೆ ಎಂದು ವಿವರಿಸುವ ಗೋಜಿಗೆ ಹೋಗಲಿಲ್ಲ. ಮಳೆ ಹಿಡಿದಿತ್ತು, ಬಿಸಿಲೇ ಇರಲಿಲ್ಲ.

ಅತ್ತೆ ಬಂದವರು ಫ್ಯಾನಿನ ಜಾಲರಿ ನೋಡಿದರು. ಅಲ್ಲಿ ಹೋದ ಆಯುಧಪೂಜೆಯ ಕುಂಕುಮ ಇನ್ನೂ ಕೆಂಪಗಿತ್ತು. ಹಚ್ಚಿದ್ದು ಅಮ್ಮ, ಆದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಉಳಿದವರೆಲ್ಲರದೂ ಒಂದೇ ಮಂತ್ರ: “ಆಫ್ ಮಾಡಿ ಆನ್ ಮಾಡು.” ಪಾಪ, ಅವರಿಗೇನು ಗೊತ್ತು? 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಈ ಯಂತ್ರಗಳು ‘ಶಟ್‌ಡೌನ್’ ಎಂದರೆ ಪೂರ್ತಿ ಆರುವುದೇ ಇಲ್ಲ. ಬೇಗ ಏಳಲಿ ಎಂದು ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಅರ್ಧ ನೆನಪನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ‘ಹೊರಟ್ವಿ’ ಎಂದು ಎದ್ದ ನೆಂಟರು ಗೇಟಿನ ಬಳಿ ಅಡಿಕೆ ರೇಟು ಮಾತಾಡುತ್ತ ಮತ್ತೆ ಮುಕ್ಕಾಲು ಗಂಟೆ ನಿಲ್ಲುತ್ತಾರಲ್ಲ, ಹಾಗೆ. ನಿಜವಾಗಿ ಹೊಸದಾಗಿ ಏಳುವುದು ‘ರೀಸ್ಟಾರ್ಟ್’ ಕೊಟ್ಟಾಗ. ಆದರೆ ಪರದೆಯೇ ಕಾಣದಿದ್ದರೆ ಅದನ್ನು ಎಲ್ಲಿ ಕೊಡುವುದು?

ಕೊನೆಗೆ ಡಿಪ್ಲೊಮಾ ಓದುವ ಎದುರುಮನೆ ಹುಡುಗ ಬಂದ. ಮಾತಿಲ್ಲ. ಚಾರ್ಜರ್ ಕಿತ್ತ, ಬ್ಯಾಟರಿ ತೆಗೆದ, ಪವರ್ ಬಟನ್ನನ್ನು ಅರ್ಧ ನಿಮಿಷ ಅದುಮಿ ಹಿಡಿದ. ಒಳಗೆ ಉಳಿದ ಚೂರುಪಾರು ವಿದ್ಯುತ್ತು ಹೋಗಲಿ ಅಂತ. ತಳದ ಮುಚ್ಚಳ ಬಿಚ್ಚಿ ರ‍್ಯಾಮ್ ಪಟ್ಟಿ ಎಳೆದು, ತಂಗಿಯ ಕಂಪಾಸಿನಿಂದ ರಬ್ಬರ್ ತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದ. ಮಳೆಗಾಲದ ತೇವಕ್ಕೆ ಅಲ್ಲಿ ಪೊರೆ ಕಟ್ಟುತ್ತದಂತೆ. ಕೂರಿಸಿ ಒತ್ತಿದ. ಎದ್ದಿತು!

ಎದ್ದದ್ದೇನೋ ಸರಿ, ತಾರೀಖು ಹಲವು ವರ್ಷ ಹಿಂದೆ. ಬ್ರೌಸರ್ ಯಾವ ತಾಣವನ್ನೂ ನಂಬಲೊಲ್ಲದು. ಅವುಗಳ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಗಡಿಯಾರಕ್ಕೆಂದೇ ಒಳಗೆ ಇರುವ 3 ವೋಲ್ಟಿನ ನಾಣ್ಯದಂಥ ಸೆಲ್ಲು ಸತ್ತಿತ್ತು. “ನಾ ಮೊದ್ಲೇ ಹೇಳಿರ್ಲಿಲ್ಲೇನು, ಬ್ಯಾಟ್ರಿದೇ ದೋಷ ಅಂತ!” ಚಿಕ್ಕಪ್ಪ ಗೆದ್ದರು. ಹೊಸ ಸೆಲ್ಲು ವಾಚ್ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಹುಬ್ಬಳ್ಳಿ, ಶಿವಮೊಗ್ಗ ಎರಡೂ ತಪ್ಪಿದವು.

ನಿಮ್ಮದೂ ಏಳದಿದ್ದರೆ ಮೊದಲು ಬೀದಿಬಾಗಿಲು ಹಾಕಿಕೊಳ್ಳಿ, ಚಾರ್ಜರ್ ಕೀಳಿ, ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎದ್ದ ಕೂಡಲೇ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಚಿಕ್ಕಪ್ಪನಿಗೆ ಆಮೇಲೆ ಹೇಳಿದರಾಯಿತು.